ಬೆರಳಚ್ಚಿನಿಂದ ಮಗುವಿನ ಸ್ವಭಾವ, ಸಾಮರ್ಥ್ಯ ತಿಳಿಯುವುದು ಸಾಧ್ಯವೇ?

ಪ್ರಶ್ನೆ: ತುಮಕೂರಿನ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಏಳನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಅವಳ ಶಾಲೆಯಲ್ಲಿ ಈಚೆಗೆ ನಡೆದ ಪೋಷಕರ ಸಭೆಗೆ ಹೊರಗಿನ ಸಂಸ್ಥೆಯೊಂದರ ಪ್ರತಿನಿಧಿಗಳು ಬಂದಿದ್ದರು. ಮಕ್ಕಳ ಹತ್ತೂ ಬೆರಳುಗಳ ಗುರುತನ್ನು ಸ್ಕ್ಯಾನರ್‌ನಲ್ಲಿ ತೆಗೆದುಕೊಂಡು, ಅವರ ಹುಟ್ಟುಗುಣ, ಕಲಿಯುವ ರೀತಿ, ಮುಂದೆ ಹಿಡಿಯಬೇಕಾದ ವೃತ್ತಿ ಎಲ್ಲವನ್ನೂ ಹೇಳಬಲ್ಲ ‘ಡಿಎಂಐಟಿ’ ಎಂಬ ಪರೀಕ್ಷೆಯನ್ನು ಅವರು ಪರಿಚಯಿಸಿದರು. ಹೆಬ್ಬೆರಳು ಮೆದುಳಿನ ಮುಂಭಾಗವನ್ನೂ ಕಿರುಬೆರಳು ಹಿಂಭಾಗವನ್ನೂ ಪ್ರತಿನಿಧಿಸುತ್ತವೆಯಂತೆ. ತೋರಿಸಿದ ಮಾದರಿ ವರದಿಯಲ್ಲಿ ತರ್ಕ, ಸಂಗೀತ, ಭಾಷೆ, ನಾಯಕತ್ವ ಇವುಗಳನ್ನೆಲ್ಲ ದಶಮಾಂಶದವರೆಗೆ ಲೆಕ್ಕ ಹಾಕಿ ಬಣ್ಣದ ಚಿತ್ರಗಳಲ್ಲಿ ಕೊಟ್ಟಿದ್ದರು. ಶುಲ್ಕ ಕೆಲವು ಸಾವಿರ ರೂಪಾಯಿ.

ಅವರ ವಾದ ಹೀಗಿತ್ತು: ಬೆರಳಿನ ಗೆರೆಗಳೂ ಮೆದುಳೂ ಗರ್ಭದಲ್ಲಿ ಒಂದೇ ಅವಧಿಯಲ್ಲಿ ರೂಪುಗೊಳ್ಳುತ್ತವೆ, ಎರಡಕ್ಕೂ ಜೀನುಗಳೇ ಕಾರಣ, ಆದ್ದರಿಂದ ಒಂದನ್ನು ಓದಿದರೆ ಇನ್ನೊಂದು ತಿಳಿಯುತ್ತದೆ.

ನಮ್ಮ ಅತ್ತೆಯವರಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಮೊಮ್ಮಗಳು ಹುಟ್ಟಿದಾಗ ಅವಳ ಬೆರಳ ತುದಿಯಲ್ಲಿ ಶಂಖ ಎಷ್ಟು, ಚಕ್ರ ಎಷ್ಟು ಎಂದು ಎಣಿಸಿದವರು ಅವರು. ‘ಯತ್ರಾಕೃತಿಸ್ತತ್ರ ಗುಣಾ ವಸಂತಿ’, ಅಂದರೆ ರೂಪವಿದ್ದಲ್ಲಿ ಗುಣವೂ ಇರುತ್ತದೆ ಎಂಬ ಮಾತನ್ನು ಈಗಲೂ ಹೇಳುತ್ತಾರೆ. ದೇಹಲಕ್ಷಣ ನೋಡಿ ಗುಣ ಹೇಳುವ ಸಾಮುದ್ರಿಕವನ್ನು ನಾನು ಬದಿಗಿಡಬಲ್ಲೆ. ಆದರೆ ಜೀನುಗಳ ಮಾತು ಬಂದಾಗ ಹಾಗೆ ತಳ್ಳಿಹಾಕಲು ಧೈರ್ಯ ಸಾಲುವುದಿಲ್ಲ, ಏಕೆಂದರೆ ಎತ್ತರ, ಮೈಬಣ್ಣಗಳಂತೆ ಸ್ವಭಾವ ಮತ್ತು ಬುದ್ಧಿಶಕ್ತಿಗಳೂ ಸ್ವಲ್ಪಮಟ್ಟಿಗೆ ಅನುವಂಶೀಯವೆಂದು ಓದಿದ್ದೇನೆ. ಹಾಗಿದ್ದ ಮೇಲೆ ಹೊರಗೆ ಕಾಣುವ ದೇಹಲಕ್ಷಣಕ್ಕೂ ಒಳಗಿನ ಸಾಮರ್ಥ್ಯಕ್ಕೂ ತಳಿವಿಜ್ಞಾನದ ದೃಷ್ಟಿಯಿಂದ ನಂಟು ಇದೆಯೇ? ಶಾಲೆಗೆ ಒಪ್ಪಿಗೆ ಪತ್ರ ಕೊಡಬೇಕಾಗಿದೆ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಪ್ರಾಣಿಶಾಸ್ತ್ರ ಉಪನ್ಯಾಸಕ, ಮೈಸೂರು

ನೀವು ಕೇಳಿರುವುದರಲ್ಲಿ ಎರಡು ಪ್ರಶ್ನೆಗಳಿವೆ, ಮತ್ತು ಅವುಗಳ ಉತ್ತರ ಒಂದೇ ಅಲ್ಲ. ದೇಹಲಕ್ಷಣಕ್ಕೂ ಸಾಮರ್ಥ್ಯಕ್ಕೂ ಜೀನುಗಳ ಮೂಲಕ ಎಲ್ಲಿಯಾದರೂ ನಂಟು ಇರಬಹುದೇ ಎಂದರೆ, ಖಂಡಿತವಾಗಿ ಇರಬಹುದು. ಬೆರಳಚ್ಚಿಗೂ ನಿಮ್ಮ ಮಗಳ ಗಣಿತಕ್ಕೂ ಅಂಥ ನಂಟು ಇದೆಯೇ ಎಂದರೆ, ಇಲ್ಲ.

ಒಂದೇ ಜೀನು ದೇಹದ ಹಲವು ಕಡೆ ಕೆಲಸ ಮಾಡುವುದು ಸಾಮಾನ್ಯ ಸಂಗತಿ. 1866ರಲ್ಲಿ ಪ್ರಕಟವಾದ ತನ್ನ ಬಟಾಣಿ ಪ್ರಯೋಗಗಳ ಪ್ರಬಂಧದಲ್ಲಿಯೇ ಮೆಂಡೆಲ್, ನೇರಳೆ ಹೂ ಬಿಡುವ ಗಿಡಗಳಲ್ಲಿ ಬೀಜದ ಸಿಪ್ಪೆ ಕಂದು ಅಥವಾ ಬೂದು ಬಣ್ಣದ್ದಾಗಿರುತ್ತದೆ, ಎಲೆಯ ಕಂಕುಳಲ್ಲಿಯೂ ಕೆಂಪು ಛಾಯೆ ಇರುತ್ತದೆ ಎಂಬುದನ್ನು ಗುರುತಿಸಿದ್ದನು. ಮೂರು ಕಡೆಯೂ ಬೇಕಾದದ್ದು ಒಂದೇ ವರ್ಣದ್ರವ್ಯ; ಆದ್ದರಿಂದ ಅವು ಒಟ್ಟಿಗೆ ಬರುತ್ತವೆ. ಆದರೆ ಅದೇ ಪ್ರಬಂಧದ ಹೆಚ್ಚು ಪ್ರಸಿದ್ಧವಾದ ಭಾಗ ಹೇಳುವುದು ಬೇರೆಯದನ್ನು: ಬೀಜದ ಆಕಾರವೂ ಕಾಳಿನ ಬಣ್ಣವೂ ಪರಸ್ಪರ ಸಂಬಂಧವಿಲ್ಲದೆ ಮುಂದಿನ ಪೀಳಿಗೆಗೆ ಹಂಚಿಕೆಯಾಗುತ್ತವೆ. ಎರಡೂ ಅನುವಂಶೀಯವೇ, ಎರಡೂ ಒಂದೇ ಗಿಡದಲ್ಲಿವೆ, ಆದರೂ ಕಾಳು ಸುಕ್ಕುಗಟ್ಟಿದೆಯೆಂಬುದರಿಂದ ಅದು ಹಳದಿಯೋ ಹಸಿರೋ ಎಂದು ಹೇಳಲು ಬರುವುದಿಲ್ಲ. ಶಾಲೆಗೆ ಬಂದವರ ವಾದ ಎಡವುವುದು ಇಲ್ಲಿಯೇ. ಎರಡು ಲಕ್ಷಣಗಳಿಗೆ ಜೀನುಗಳು ಕಾರಣವೆಂದ ಮಾತ್ರಕ್ಕೆ ಅವೇ ಜೀನುಗಳು ಕಾರಣವೆಂದಾಗುವುದಿಲ್ಲ.

ಈಗ ಬೆರಳಚ್ಚಿನ ವಿಷಯ. ಭ್ರೂಣದ ಬೆರಳ ತುದಿಗಳಲ್ಲಿ ಮೊದಲು ಚಿಕ್ಕ ಉಬ್ಬುಗಳು ಏಳುತ್ತವೆ; ಅವು ಇಳಿಯತೊಡಗುವ ಸಮಯದಲ್ಲಿ, ಸುಮಾರು ಹತ್ತನೆಯ ವಾರದ ನಂತರ, ಚರ್ಮದ ಕೆಳಪದರದಲ್ಲಿ ಗೆರೆಗಳು ಮೂಡಲು ತೊಡಗುತ್ತವೆ. 2023ರಲ್ಲಿ ಎಡಿನ್‌ಬರೋದ ಸಂಶೋಧಕರು ತೋರಿಸಿಕೊಟ್ಟಂತೆ, ಈ ಗೆರೆಗಳು ಬೆರಳ ತುದಿಯ ಉಬ್ಬಿನ ನಡುವಿನಿಂದ, ಉಗುರಿನ ಅಂಚಿನಿಂದ ಮತ್ತು ಗಿಣ್ಣಿನ ಮಡಿಕೆಯಿಂದ ಅಲೆಗಳಂತೆ ಹರಡಿ ಪರಸ್ಪರ ಸಂಧಿಸುತ್ತವೆ. ಯಾವ ಅಲೆ ಮೊದಲು ಹೊರಟಿತು, ಆಗ ಉಬ್ಬು ಎಷ್ಟು ಎತ್ತರವಿತ್ತು ಎಂಬುದನ್ನು ಅವಲಂಬಿಸಿ ಕಮಾನು, ಕುಣಿಕೆ ಅಥವಾ ಸುರುಳಿ ಉಂಟಾಗುತ್ತದೆ. ಇದನ್ನು ನಿಯಂತ್ರಿಸುವ ಸಂಕೇತಗಳಲ್ಲಿ ಒಂದಾದ ‘ಇಡಿಎಆರ್’ ಎಂಬ ಜೀನು ಕೂದಲಿನ ದಪ್ಪ, ಹಲ್ಲಿನ ಆಕಾರ, ಬೆವರು ಗ್ರಂಥಿಗಳ ಮೇಲೂ ಪ್ರಭಾವ ಬೀರುತ್ತದೆ. 2022ರಲ್ಲಿ ಸಾವಿರಾರು ಜನರ ಡಿಎನ್‌ಎಯನ್ನು ಪರಿಶೀಲಿಸಿದ ಇನ್ನೊಂದು ಅಧ್ಯಯನದಲ್ಲಿ ಬೆರಳ ವಿನ್ಯಾಸಕ್ಕೆ ಸಂಬಂಧಿಸಿದ ಜೀನುಗಳಲ್ಲಿ ಕೈಕಾಲುಗಳ ಬೆಳವಣಿಗೆಯವು ಎದ್ದುಕಂಡವು. ಅಂದರೆ ಬೆರಳಚ್ಚಿಗೆ ನಂಟು ಇರುವುದು ಬೆರಳಿನ ಉದ್ದದ ಜೊತೆಗೆ, ಚರ್ಮ ಮತ್ತು ಕೂದಲಿನ ಜೊತೆಗೆ. ಇದು ನಿರೀಕ್ಷಿಸಬಹುದಾದದ್ದೇ.

‘ಒಂದೇ ಅವಧಿಯಲ್ಲಿ’ ಎಂಬ ಮಾತು ಕೇಳಲು ಗಂಭೀರವಾಗಿದೆ. ಆದರೆ ಅದೇ ವಾರಗಳಲ್ಲಿ ಮೂತ್ರಪಿಂಡವೂ ಬೆಳೆಯುತ್ತಿರುತ್ತದೆ; ಹೆಬ್ಬೆರಳನ್ನು ನೋಡಿ ಮೂತ್ರಪಿಂಡದ ವರದಿಯನ್ನು ಯಾರೂ ಕೊಡುವುದಿಲ್ಲ. ಆ ಹೊತ್ತಿನಲ್ಲಿ ಮೆದುಳಿನ ಮೇಲ್ಮೈ ಇನ್ನೂ ಬಹುಮಟ್ಟಿಗೆ ನುಣುಪಾಗಿರುತ್ತದೆ, ಅದರ ಮಡಿಕೆಗಳಲ್ಲಿ ಹೆಚ್ಚಿನವು ಗರ್ಭದ ಕೊನೆಯ ತಿಂಗಳುಗಳಲ್ಲಿ ಮೂಡುತ್ತವೆ, ಮತ್ತು ಕಲಿಕೆಗೆ ಆಧಾರವಾದ ನರಕೋಶಗಳ ಜೋಡಣೆ ಹುಟ್ಟಿದ ಮೇಲೂ ಅನೇಕ ವರ್ಷ ಮುಂದುವರಿಯುತ್ತದೆ. ಒಂದೊಂದು ಬೆರಳಿಗೆ ಮೆದುಳಿನ ಒಂದೊಂದು ಭಾಗವೆಂಬುದಂತೂ ಅಂಗರಚನೆಗೆ ಪೂರ್ತಿ ವಿರುದ್ಧವಾದ ಮಾತು: ಐದೂ ಬೆರಳುಗಳ ಸ್ಪರ್ಶಸಂವೇದನೆ ಮೆದುಳಿನ ಪಾರ್ಶ್ವಭಾಗದ ಒಂದೇ ಪಟ್ಟಿಯಲ್ಲಿ, ಒಂದರ ಪಕ್ಕ ಒಂದರಂತೆ ಅಕ್ಕಪಕ್ಕದ ಜಾಗಗಳನ್ನು ತಲುಪುತ್ತದೆ.

ಉತ್ತರ: ಬೆರಳಚ್ಚು ವಿಭಾಗದ ನಿವೃತ್ತ ನೌಕರ, ಬೆಳಗಾವಿ

ಉಪನ್ಯಾಸಕರು ವಿಜ್ಞಾನವನ್ನು ಹೇಳಿದ್ದಾರೆ. ನಾನು ವೃತ್ತಿಯ ಅನುಭವದಿಂದ ಎರಡು ಮಾತು ಸೇರಿಸುತ್ತೇನೆ. ನಾವು ಬೆರಳಚ್ಚನ್ನು ನೋಡುತ್ತಿದ್ದದ್ದು ಇದು ಇಂಥವನದೇ ಹೌದೋ ಅಲ್ಲವೋ ಎಂದು ನಿರ್ಧರಿಸುವುದಕ್ಕಾಗಿ. ಜನರಲ್ಲಿ ಸಾಮಾನ್ಯವಾಗಿ ಶೇ 60ಕ್ಕೂ ಹೆಚ್ಚು ಗುರುತುಗಳು ಕುಣಿಕೆಗಳು, ಮೂರನೆಯ ಒಂದು ಭಾಗದಷ್ಟು ಸುರುಳಿಗಳು, ಉಳಿದ ಸ್ವಲ್ಪ ಕಮಾನುಗಳು. ನಿಮ್ಮ ಅತ್ತೆಯವರು ಎಣಿಸಿದ ಚಕ್ರವೆಂದರೆ ಈ ಸುರುಳಿಯೇ. ಗುರುತಿಸುವ ಕೆಲಸ ನಡೆಯುವುದು ಈ ಸ್ಥೂಲ ವಿನ್ಯಾಸದಿಂದಲ್ಲ. ಗೆರೆಯೊಂದು ಎಲ್ಲಿ ಕವಲೊಡೆಯಿತು, ಎಲ್ಲಿ ತುಂಡಾಯಿತು ಎಂಬ ಸೂಕ್ಷ್ಮಗಳಿಂದ. ಆ ಸೂಕ್ಷ್ಮಗಳು ಒಂದೇ ಜೀನುಗಳನ್ನು ಹೊತ್ತ ತದ್ರೂಪಿ ಅವಳಿಗಳಲ್ಲೂ ಬೇರೆ ಬೇರೆ ಆಗಿರುತ್ತವೆ. ಸ್ಥೂಲ ವಿನ್ಯಾಸ ಮಾತ್ರ ಅವರಲ್ಲಿ ಬಹುಮಟ್ಟಿಗೆ ಹೋಲುತ್ತದೆ.

ಎರಡನೆಯದು ಚರಿತ್ರೆ. ಬೆರಳಚ್ಚಿನ ಶಾಸ್ತ್ರಕ್ಕೆ ನಮ್ಮ ದೇಶದ ಋಣ ದೊಡ್ಡದು. 1858ರಲ್ಲಿ ಬಂಗಾಳದ ಅಧಿಕಾರಿ ವಿಲಿಯಂ ಹರ್ಷೆಲ್ ಗುತ್ತಿಗೆದಾರನೊಬ್ಬನ ಕರಾರಿನ ಮೇಲೆ ಅಂಗೈ ಗುರುತು ಹಾಕಿಸಿದನು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಸ್ಥಾಪನೆಯಾಯಿತು. ವರ್ಗೀಕರಣದ ಕೀರ್ತಿ ಎಡ್ವರ್ಡ್ ಹೆನ್ರಿಯ ಹೆಸರಿಗೆ ಹೋದರೂ ಅದರ ಹಿಂದೆ ದುಡಿದವರು ಆತನ ಕೈಕೆಳಗಿದ್ದ ಭಾರತೀಯ ಪೊಲೀಸ್ ಅಧಿಕಾರಿಗಳಾದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹರ್ಷೆಲನ ಸಾಮಗ್ರಿಯನ್ನು ಬಳಸಿಕೊಂಡು 1892ರಲ್ಲಿ ಬೆರಳಚ್ಚುಗಳ ಬಗ್ಗೆ ಪುಸ್ತಕ ಬರೆದ ಫ್ರಾನ್ಸಿಸ್ ಗಾಲ್ಟನ್, ಪ್ರತಿಭೆ ರಕ್ತದಲ್ಲೇ ಬರುತ್ತದೆಂದು ಬಲವಾಗಿ ನಂಬಿದ್ದ ಮನುಷ್ಯ. ಬೆರಳಚ್ಚಿನಲ್ಲಿ ಬುದ್ಧಿಯ ಗುರುತು ಇರಲೇಬೇಕೆಂದು ಆತ ಕಲಾ ವಿದ್ಯಾರ್ಥಿಗಳು, ವಿಜ್ಞಾನ ವಿದ್ಯಾರ್ಥಿಗಳು, ಕೃಷಿ ಕಾರ್ಮಿಕರು, ಹುಟ್ಟಿನಿಂದಲೇ ಬೌದ್ಧಿಕ ಕೊರತೆಯಿದ್ದವರು, ಇವರೆಲ್ಲರ ಗುರುತುಗಳನ್ನು ಹೋಲಿಸಿದನು. ವ್ಯತ್ಯಾಸ ಕಾಣಲಿಲ್ಲ. ಹೆಸರಾಂತ ಚಿಂತಕರ, ರಾಜಕಾರಣಿಗಳ ಬೆರಳಚ್ಚಿಗೆ ಹೋಲುವಂಥವು ಬೌದ್ಧಿಕ ಕೊರತೆಯುಳ್ಳವರಲ್ಲಿಯೂ ಸಿಗುತ್ತವೆ ಎಂದು ಆತನೇ ಬರೆದಿಟ್ಟಿದ್ದಾನೆ. ಇದ್ದಿದ್ದರೆ ಅತ್ಯಂತ ಸಂತೋಷಪಡುತ್ತಿದ್ದವನೇ ಇಲ್ಲವೆಂದ ಮೇಲೆ, ನೂರಮೂವತ್ತು ವರ್ಷಗಳ ನಂತರ ಅದನ್ನು ಶಾಲೆಗಳಲ್ಲಿ ಮಾರುತ್ತಿರುವುದು ಸೋಜಿಗ.

ಪ್ರಶ್ನೆ ಕೇಳಿದವರು: ತುಮಕೂರಿನ ತಾಯಿ

ಇಬ್ಬರಿಗೂ ಧನ್ಯವಾದಗಳು. ಸಭೆಯಲ್ಲಿ ಇದೇ ಸಂದೇಹವನ್ನು ಒಬ್ಬ ಪೋಷಕರು ಎತ್ತಿದಾಗ, ಡೌನ್ ಸಿಂಡ್ರೋಮ್ ಇರುವ ಮಕ್ಕಳ ಅಂಗೈಯಲ್ಲಿ ಅಡ್ಡಲಾಗಿ ಒಂದೇ ಗೆರೆ ಇರುತ್ತದೆ, ವೈದ್ಯರೇ ಅದನ್ನು ನೋಡುತ್ತಾರೆ, ಇದಕ್ಕಿಂತ ಸಾಕ್ಷ್ಯ ಬೇಕೇ ಎಂದು ಸಂಸ್ಥೆಯವರು ಉತ್ತರಿಸಿದರು. ಅದು ಸುಳ್ಳೇ?

ಉತ್ತರ: ಮಕ್ಕಳ ವೈದ್ಯೆ, ಹುಬ್ಬಳ್ಳಿ

ಸುಳ್ಳಲ್ಲ, ಅದಕ್ಕಾಗಿಯೇ ಅದು ಜನರನ್ನು ಒಪ್ಪಿಸುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅಂಥ ಒಂಟಿ ಗೆರೆ ಇರುತ್ತದೆ. ಆದರೆ ಆ ಗೆರೆ ಯಾವ ತೊಂದರೆಯೂ ಇಲ್ಲದ ಕೆಲವರಲ್ಲಿಯೂ ಇರುತ್ತದೆ, ಮತ್ತು ಅಂಥವರ ಒಟ್ಟು ಸಂಖ್ಯೆಯೇ ಹೆಚ್ಚು. ಆದ್ದರಿಂದ ನಾವು ಅದನ್ನು ಸುಳಿವೆಂದು ಮಾತ್ರ ಎಣಿಸಿ, ರಕ್ತದಲ್ಲಿ ಕ್ರೋಮೋಸೋಮ್ ಪರೀಕ್ಷೆ ಮಾಡಿಸದೆ ಏನನ್ನೂ ಹೇಳುವುದಿಲ್ಲ. ಅಲ್ಲಿ ಗೆರೆಯೂ ಕಲಿಕೆಯ ತೊಂದರೆಯೂ ಒಟ್ಟಿಗೆ ಬರುವುದಕ್ಕೆ ಕಾರಣ ಸ್ಪಷ್ಟವಾಗಿದೆ: 21ನೆಯ ಕ್ರೋಮೋಸೋಮಿನ ಒಂದು ಪೂರ್ತಿ ಪ್ರತಿ ದೇಹದ ಬಹುತೇಕ ಪ್ರತಿಯೊಂದು ಜೀವಕೋಶದಲ್ಲಿಯೂ ಹೆಚ್ಚಾಗಿದ್ದು, ಹೃದಯ, ಕಣ್ಣು, ಅಂಗೈ, ಮೆದುಳು ಎಲ್ಲದರ ಬೆಳವಣಿಗೆಯೂ ಬದಲಾಗಿರುತ್ತದೆ. ಆರೋಗ್ಯವಂತ ಮಕ್ಕಳ ನಡುವೆ ಇರುವ ಸಹಜ ವ್ಯತ್ಯಾಸಗಳು ಈ ಬಗೆಯವಲ್ಲ. ಕಾಯಿಲೆಯ ಲಕ್ಷಣವನ್ನು ತಂದು ಆರೋಗ್ಯವಂತರ ಮೇಲೆ ಹೊರಿಸುವುದು ವೈದ್ಯಶಾಸ್ತ್ರವಲ್ಲ.

ನಂಟು ಇದೆಯೆನ್ನಬೇಕಾದರೆ ಅದು ಹಾದುಬರುವ ದಾರಿಯನ್ನು ತೋರಿಸಬೇಕು. ನೀಲಿ ಕಣ್ಣಿನ ಬಿಳಿ ಬೆಕ್ಕುಗಳು ಅನೇಕ ಸಲ ಕಿವುಡಾಗಿರುವುದನ್ನು ಡಾರ್ವಿನ್ 1859ರಲ್ಲಿಯೇ ಪ್ರಸ್ತಾಪಿಸಿದ್ದನು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳೇ ಒಳಕಿವಿಯ ದ್ರವದ ಸಮತೋಲ ಕಾಯುವ ಕೆಲಸವನ್ನೂ ಮಾಡುತ್ತವೆ, ಭ್ರೂಣದಲ್ಲಿ ಅವು ಅಲ್ಲಿಗೆ ತಲುಪದಿದ್ದರೆ ರೋಮ ಬಿಳಿಯಾಗುತ್ತದೆ, ಕಿವಿ ಕೇಳುವುದಿಲ್ಲ ಎಂಬ ದಾರಿ ಆಮೇಲೆ ತಿಳಿಯಿತು. ಮನುಷ್ಯರಲ್ಲೂ ವಾರ್ಡನ್‌ಬರ್ಗ್ ಸಿಂಡ್ರೋಮ್‌ನಲ್ಲಿ ಹಣೆಯ ಮೇಲಿನ ಬಿಳಿ ಕೂದಲ ಕುಚ್ಚು ಮತ್ತು ಕಿವುಡುತನ ಜೊತೆಯಾಗಿ ಕಾಣಿಸಬಹುದು.

ನನ್ನ ವೃತ್ತಿಗೆ ಇನ್ನೂ ಹತ್ತಿರವಾದದ್ದು ಫಿನೈಲ್‌ಕೀಟೋನ್ಯೂರಿಯ ಎಂಬ ಅನುವಂಶೀಯ ಕಾಯಿಲೆ. 1934ರಲ್ಲಿ ನಾರ್ವೆಯ ವೈದ್ಯ ಆಸ್‌ಬ್ಯೋರ್ನ್ ಫೋಲಿಂಗ್, ಕಲಿಕೆಯಲ್ಲಿ ತೀರಾ ಹಿಂದುಳಿದಿದ್ದ ಅಕ್ಕ ತಮ್ಮಂದಿರ ಮೂತ್ರವನ್ನು ಅವರ ತಾಯಿಯ ಒತ್ತಾಯದಿಂದ ಪರೀಕ್ಷಿಸಿ ಇದನ್ನು ಕಂಡುಹಿಡಿದನು. ಒಂದು ಕಿಣ್ವ ಕೆಲಸ ಮಾಡದೆ ಫಿನೈಲ್‌ಅಲನಿನ್ ಎಂಬ ಅಂಶ ರಕ್ತದಲ್ಲಿ ಸೇರುತ್ತಾ ಹೋಗುತ್ತದೆ. ಅದು ಮೆದುಳಿಗೆ ಹಾನಿ ಮಾಡುತ್ತದೆ, ಅದೇ ತೊಡಕಿನಿಂದ ಮೆಲನಿನ್ ಎಂಬ ವರ್ಣದ್ರವ್ಯದ ತಯಾರಿಕೆ ಕುಗ್ಗಿ ಕೂದಲು, ಚರ್ಮ ಮನೆಯವರಿಗಿಂತ ತಿಳಿಬಣ್ಣಕ್ಕೆ ತಿರುಗುತ್ತವೆ. ಕೂದಲ ಬಣ್ಣಕ್ಕೂ ಬುದ್ಧಿಗೂ ಒಂದೇ ಜೀನಿನ ನಂಟು ಬೇಕೆನ್ನುವವರಿಗೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗಲಾರದು. ಆದರೆ ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯಲ್ಲಿ ಇದನ್ನು ಪತ್ತೆಹಚ್ಚಿ, ಕೂಡಲೇ ಫಿನೈಲ್‌ಅಲನಿನ್ ಕಡಿಮೆ ಇರುವ ಆಹಾರ ಕೊಟ್ಟು ಆ ಪಥ್ಯವನ್ನು ಮುಂದುವರಿಸಿದರೆ ಮಗು ಎಲ್ಲರಂತೆ ಕಲಿಯುತ್ತದೆ. ಜೀನು ಬದಲಾಗಿರುವುದಿಲ್ಲ, ಊಟ ಬದಲಾಗಿರುತ್ತದೆ.

ಎತ್ತರದವರು ಸರಾಸರಿಯಲ್ಲಿ ಬುದ್ಧಿಪರೀಕ್ಷೆಯಲ್ಲಿ ತುಸು ಮುಂದಿರುತ್ತಾರೆ ಎಂಬ ಅಂಕಿಅಂಶವನ್ನೂ ಕೆಲವರು ಉಲ್ಲೇಖಿಸುತ್ತಾರೆ. ಆ ಸಂಬಂಧ ಬಹಳ ದುರ್ಬಲ. ನಮ್ಮ ದೇಶದಲ್ಲಂತೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಕುಳ್ಳಗಾದದ್ದೂ ಓದಿನಲ್ಲಿ ಹಿಂದಾದದ್ದೂ ಒಂದೇ ಖಾಲಿ ತಟ್ಟೆಯಿಂದ ಆಗಿರುವಾಗ ಜೀನನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ.

ಉತ್ತರ: ಬೆಂಗಳೂರಿನ ಒಬ್ಬ ತಂದೆ

ಎಲ್ಲರೂ ವಿರುದ್ಧವಾಗಿ ಬರೆದಿರುವುದರಿಂದ ಇನ್ನೊಂದು ಮಗ್ಗುಲನ್ನು ಹೇಳುತ್ತೇನೆ. ನಮ್ಮ ದೊಡ್ಡ ಮಗನಿಗೆ ಈ ಪರೀಕ್ಷೆ ಮಾಡಿಸಿದ್ದೇವೆ. ‘ಹೊರಗೆ ಶಾಂತನಾಗಿ ಕಂಡರೂ ಒಳಗೆ ಆತಂಕವಿರುತ್ತದೆ, ಮೆಚ್ಚುಗೆ ಸಿಕ್ಕರೆ ಚೆನ್ನಾಗಿ ಓದುತ್ತಾನೆ, ತನ್ನ ಶಕ್ತಿಯನ್ನು ಪೂರ್ತಿ ಬಳಸುತ್ತಿಲ್ಲ’ ಎಂದು ವರದಿಯಲ್ಲಿತ್ತು. ಒಂದೊಂದು ಮಾತೂ ನಿಜ. ಜೊತೆಗೆ, ರಷ್ಯಾದಲ್ಲಿ ನರಿಗಳನ್ನು ಸಾಧು ಸ್ವಭಾವಕ್ಕಾಗಿ ಮಾತ್ರ ಆರಿಸಿ ತಳಿ ಬೆಳೆಸಿದಾಗ ಅವುಗಳ ಕಿವಿ ಜೋತುಬಿತ್ತು, ಮೈಮೇಲೆ ಬಿಳಿ ಮಚ್ಚೆ ಮೂಡಿತು ಎಂದು ಓದಿದ್ದೇನೆ. ಸ್ವಭಾವಕ್ಕೂ ರೂಪಕ್ಕೂ ನಂಟಿಲ್ಲದಿದ್ದರೆ ಇದು ಹೇಗಾಯಿತು?

ಉತ್ತರ: ಪ್ರಾಣಿಶಾಸ್ತ್ರ ಉಪನ್ಯಾಸಕ, ಮೈಸೂರು

ನರಿಗಳ ಪ್ರಶ್ನೆ ಬಹಳ ಒಳ್ಳೆಯದು. ಆ ಪ್ರಯೋಗವನ್ನು 1959ರಲ್ಲಿ ದಿಮಿತ್ರಿ ಬೆಲ್ಯಾಯೆವ್ ಆರಂಭಿಸಿದನು; ಲ್ಯುದ್ಮಿಲಾ ಟ್ರುಟ್ ಅದನ್ನು ದಶಕಗಳ ಕಾಲ ಮುಂದುವರಿಸಿದರು. ಬಣ್ಣದ ಕೋಶಗಳು, ಮೃದ್ವಸ್ಥಿಯ ಕೆಲವು ಭಾಗಗಳು, ಹೆದರಿಕೆಗೆ ಸ್ಪಂದಿಸುವ ಅಡ್ರಿನಲ್ ಗ್ರಂಥಿಯ ಒಳಭಾಗ ಇವೆಲ್ಲ ಭ್ರೂಣದ ‘ನ್ಯೂರಲ್ ಕ್ರೆಸ್ಟ್’ ಎಂಬ ಒಂದೇ ಕೋಶಸಮೂಹದಿಂದ ಬರುವುದರಿಂದ ಅಂಥ ನಂಟು ಸಾಧ್ಯವೆಂಬ ವಿವರಣೆಯನ್ನು 2014ರಲ್ಲಿ ಮುಂದಿಟ್ಟಿದ್ದಾರೆ. ಆದರೆ ಆ ನರಿಗಳ ಪೂರ್ವಜರು ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ತುಪ್ಪಳದ ಫಾರ್ಮ್‌ಗಳಲ್ಲಿ ಮೊದಲೇ ಸಾಕಿ ಬೆಳೆಸಿದವು, ಬಿಳಿ ಮಚ್ಚೆಗಳು ಅಲ್ಲಿಯೂ ಇದ್ದವು ಎಂದು 2019ರಲ್ಲಿ ಬೇರೆ ಸಂಶೋಧಕರು ತೋರಿಸಿದ್ದರಿಂದ ವಿಷಯ ಇನ್ನೂ ಚರ್ಚೆಯಲ್ಲಿದೆ. ಚರ್ಚೆ ಹೇಗೇ ಮುಗಿಯಲಿ, ಅದು ಪ್ರತಿ ಪೀಳಿಗೆಯಲ್ಲೂ ಕೆಲವನ್ನೇ ಆರಿಸಿ ಉಳಿದವನ್ನು ಕೈಬಿಟ್ಟು, ಒಂದೇ ಗುಣಕ್ಕಾಗಿ ಕಟ್ಟುನಿಟ್ಟಾಗಿ ಬೆಳೆಸಿದ ತಳಿ. ಯಾರ ಮನೆಯ ಮಗುವೂ ಹಾಗೆ ಹುಟ್ಟಿದ್ದಲ್ಲ.

ನಿಮ್ಮ ಮಗನ ವರದಿಯ ಬಗ್ಗೆ ಹೇಳಬೇಕೆಂದರೆ, 1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಮಾಡಿ, ಎಲ್ಲರಿಗೂ ಒಂದೇ ವಿವರಣೆಯನ್ನು ‘ಇದು ನಿನ್ನದು’ ಎಂದು ಕೊಟ್ಟನು. ಎಷ್ಟು ಹೊಂದುತ್ತದೆ ಎಂದು ಕೇಳಿದಾಗ ಬಂದ ಸರಾಸರಿ ಅಂಕ 5ಕ್ಕೆ 4.26. ನೀವು ಉದ್ಧರಿಸಿದ ಮೂರೂ ಮಾತುಗಳು ನನ್ನ ತರಗತಿಯ ಯಾವ ಹುಡುಗನಿಗಾದರೂ ಒಪ್ಪುತ್ತವೆ. ಸುಳ್ಳು ಹೇಳಲೇಕೆ, ನನಗೂ ಒಪ್ಪುತ್ತವೆ.

ಸಾಮರ್ಥ್ಯಕ್ಕೆ ಜೀನುಗಳ ಪಾಲಿಲ್ಲವೆಂದು ನಾನು ಹೇಳುತ್ತಿಲ್ಲ. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬುದರಲ್ಲಿ ಹುರುಳಿದೆ. ಆದರೆ ಆ ಪಾಲು ಸಾವಿರಾರು ಜೀನುಗಳಲ್ಲಿ ಹರಿದುಹಂಚಿಹೋಗಿದೆ. 2022ರಲ್ಲಿ ಸುಮಾರು 30 ಲಕ್ಷ ಜನರ ಡಿಎನ್‌ಎ ಮಾಹಿತಿಯನ್ನು ಒಟ್ಟುಗೂಡಿಸಿ ಎಷ್ಟು ವರ್ಷ ಓದುತ್ತಾರೆ ಎಂಬುದಕ್ಕೆ ಸಂಬಂಧಿಸಿದ ಸುಮಾರು 3,900 ಜಾಗಗಳನ್ನು ಗುರುತಿಸಿದರು. ಅಷ್ಟನ್ನೂ ಕೂಡಿಸಿ ಲೆಕ್ಕ ಹಾಕಿದರೂ ಜನರ ನಡುವಿನ ವ್ಯತ್ಯಾಸದಲ್ಲಿ ಶೇ 12ರಿಂದ 16ರಷ್ಟನ್ನು ಮಾತ್ರ ವಿವರಿಸಲಾಯಿತು. ಅದೂ ಯೂರೋಪ್ ಮೂಲದವರಲ್ಲಿ. ಡಿಎನ್‌ಎಯನ್ನೇ ನೇರವಾಗಿ ಓದಿದವರು ಒಬ್ಬ ವ್ಯಕ್ತಿಯ ಭವಿಷ್ಯವನ್ನು ಇದರಿಂದ ಹೇಳಬೇಡಿ ಎಂದು ಎಚ್ಚರಿಸುತ್ತಿರುವಾಗ, ಬೆರಳ ಚರ್ಮವನ್ನು ನೋಡಿದವರಿಗೆ ದಶಮಾಂಶದ ನಿಖರತೆ ಎಲ್ಲಿಂದ ಬಂತು?

ಉತ್ತರ: ಯಲ್ಲಾಪುರದವನು

ಚರ್ಚೆಗೆ ನಮ್ಮ ಜಿಲ್ಲೆಯ ಒಂದು ಸಂಗತಿ ಹೊಂದುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿರುವ ಸಿದ್ದಿ ಸಮುದಾಯದವರ ಪೂರ್ವಜರು ಆಫ್ರಿಕದಿಂದ ಬಂದವರು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ‘ವಿಶೇಷ ಪ್ರದೇಶ ಕ್ರೀಡಾ’ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಟ್ಟಿತು. ಹಿಂದಿದ್ದ ಊಹೆ ಸರಳ: ರೂಪ ಆಫ್ರಿಕದ್ದು, ಆದ್ದರಿಂದ ಓಟವೂ ರಕ್ತದಲ್ಲಿದೆ. ಹಲವು ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಅನೇಕರು ಓಟ ಬಿಟ್ಟು ಕೂಲಿಗೋ ಸಣ್ಣಪುಟ್ಟ ನೌಕರಿಗೋ ಹೋದರು. ಗುಡ್ಡ ಹತ್ತಿ ಇಳಿಯುವ ಬಾಲ್ಯ, ಹಾಸ್ಟೆಲಿನ ಹೊಟ್ಟೆತುಂಬ ಊಟ, ಗಡಿಯಾರ ಹಿಡಿದ ತರಬೇತುದಾರ ಇವು ಇದ್ದಾಗ ಪದಕ ಬಂತು; ಇಲ್ಲದಾಗ ನಿಂತಿತು. ಜೀನುಗಳು ಎರಡೂ ಕಾಲದಲ್ಲಿ ಅವೇ.

ಆ ಊಹೆಯ ವಿಜ್ಞಾನವೂ ಸಡಿಲವಾಗಿತ್ತು. ದೂರದೋಟದಲ್ಲಿ ಹೆಸರಾದ ಕೀನ್ಯಾದವರಲ್ಲಿ ಬಹುಪಾಲು ಎತ್ತರದ ರಿಫ್ಟ್ ಕಣಿವೆಯ ಕಲೆಂಜಿನ್ ಜನ. ಸಿದ್ದಿಗಳ ಆಫ್ರಿಕನ್ ಪೂರ್ವಜರಾದರೋ ಬೇರೆ ಗುಂಪಿನವರಾದ ಬಂಟು ಭಾಷಿಕರೆಂದು 2011ರ ತಳಿ ಅಧ್ಯಯನ ಹೇಳುತ್ತದೆ. ಮನುಷ್ಯರ ತಳಿವೈವಿಧ್ಯ ಎಲ್ಲಕ್ಕಿಂತ ಹೆಚ್ಚಿರುವ ಖಂಡ ಆಫ್ರಿಕ. ಗುಂಗುರು ಕೂದಲು, ಕಪ್ಪು ಬಣ್ಣ ಎರಡು ಗುಂಪಿನಲ್ಲೂ ಕಂಡಿತೆಂದು ಶ್ವಾಸಕೋಶ, ಸ್ನಾಯುಗಳೂ ಒಂದೇ ಬಗೆಯವೆನ್ನಲು ಆಧಾರವಿಲ್ಲ. ಮೂಗಿನ ಅಗಲ ಅಳೆದು ಜಾತಿಯ ಏರಿಳಿತ ಹೇಳಹೊರಟ ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲೆಯ ಕಾಲದಿಂದಲೂ ಇದೇ ಅವಸರ ನಡೆದುಬಂದಿದೆ. ಅಂಥ ಅಳತೆಗಳನ್ನೇ ಮುಂದಿಟ್ಟುಕೊಂಡು ಅಂಬೇಡ್ಕರ್ 1948ರಲ್ಲಿ, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಬೇರೆ ಜನಾಂಗವೆಂಬ ವಾದ ನಿಲ್ಲುವುದಿಲ್ಲವೆಂದು ತೋರಿಸಿದರು.

ಉತ್ತರ: ಬೆರಳಚ್ಚು ವಿಭಾಗದ ನಿವೃತ್ತ ನೌಕರ, ಬೆಳಗಾವಿ

ತಾಯಿಯವರು ಒಪ್ಪಿಗೆ ಪತ್ರದ ಬಗ್ಗೆ ಕೇಳಿದ್ದರು, ಅದು ಹಾಗೆಯೇ ಉಳಿಯಿತು. ಹಣ ಹೋದರೆ ಮತ್ತೆ ಸಂಪಾದಿಸಬಹುದು, ಬೆರಳಚ್ಚು ಹಾಗಲ್ಲ. ಗುಪ್ತಪದ ಸೋರಿದರೆ ಹೊಸದನ್ನು ಇಟ್ಟುಕೊಳ್ಳುತ್ತೀರಿ, ಹೊಸ ಬೆರಳು ಬರುವುದಿಲ್ಲ. ಆಧಾರ್‌ನಲ್ಲಿ ಬಳಕೆಯಾಗುವುದೂ ಇದೇ ಹತ್ತು ಬೆರಳು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರ ದತ್ತಾಂಶಕ್ಕೆ ಪೋಷಕರ ಖಚಿತಪಡಿಸಬಹುದಾದ ಒಪ್ಪಿಗೆ ಬೇಕೆಂದಿದೆ. ಸಹಿ ಹಾಕುವ ಮೊದಲು ಶಾಲೆಗೆ ಲಿಖಿತವಾಗಿ ಕೇಳಿ: ಸ್ಕ್ಯಾನ್ ಮಾಡಿದ ಚಿತ್ರಗಳು ಯಾರ ಬಳಿ, ಎಷ್ಟು ಕಾಲ ಇರುತ್ತವೆ, ಅಳಿಸಿದ್ದಕ್ಕೆ ದಾಖಲೆ ಕೊಡುತ್ತಾರೆಯೇ? ಅದೇ ಪತ್ರದಲ್ಲಿ, ಹೆಸರು ಮರೆಮಾಡಿದ ಇಪ್ಪತ್ತು ಮಕ್ಕಳ ವರದಿಗಳನ್ನು ತರಗತಿಯ ಶಿಕ್ಷಕರ ಕೈಗೆ ಕೊಟ್ಟು ಯಾವುದು ಯಾರದೆಂದು ಗುರುತಿಸಲು ಆ ಸಂಸ್ಥೆಯವರು ಒಪ್ಪುತ್ತಾರೆಯೇ ಎಂದೂ ಕೇಳಿ. ಉತ್ತರ ಬರುವವರೆಗೆ ಒಪ್ಪಿಗೆ ಪತ್ರ ನಿಮ್ಮ ಬಳಿಯೇ ಇರಲಿ.